ಅಳಿಸಿದ್ದೆಲ್ಲ ಅಳಿಯುತ್ತದೆಯೇ?

ಮನೆ ಮಾರಿದವನು ಕೀಲಿಕೈ ಒಪ್ಪಿಸುವ ಮೊದಲು ಒಮ್ಮೆ ಎಲ್ಲ ಕೋಣೆಗಳಲ್ಲೂ ತಿರುಗಿ ನೋಡುತ್ತಾನೆ. ಕಪಾಟಿನ ಮೂಲೆಯಲ್ಲಿ ತಾಯಿಯ ಪತ್ರವೋ, ನೆರೆಯವರು ಜೋಪಾನಕ್ಕೆಂದು ಕೊಟ್ಟ ಕಾಗದವೋ ಉಳಿದಿದ್ದರೆ ಎತ್ತಿಕೊಳ್ಳುತ್ತಾನೆ. ಅವನು ಮಾರಿದ್ದು ಗೋಡೆ, ಮಾಡು, ಬಾಗಿಲುಗಳನ್ನು. ಆ ಕಾಗದಗಳನ್ನಲ್ಲ. ಇಷ್ಟು ಸರಳವಾದ ವಿಷಯವು ಹಳೆಯ ಲ್ಯಾಪ್‌ಟಾಪೊಂದನ್ನು ಕೈಬಿಡುವಾಗ ನಮಗೆ ಮರೆತು ಹೋಗುವುದೇಕೆ?

ಇಂದು ಈ ಪ್ರಶ್ನೆ ಅನೇಕ ಮನೆಗಳ ಬಾಗಿಲಿಗೆ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರುವ ಯಂತ್ರವೇ ಬೇಕು. ಹೀಗಾಗಿ ಪರದೆ, ಕೀಲಿಮಣೆ ಎಲ್ಲವೂ ಸರಿಯಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಹಳತೆನಿಸಿಕೊಂಡಿವೆ. ಅವುಗಳನ್ನು ಎಸೆಯುವುದು ದುಂದುಗಾರಿಕೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಹುಟ್ಟಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಗೆ ಹೋದುದು ಕಾಲು ಭಾಗಕ್ಕಿಂತಲೂ ಕಡಿಮೆಯೆಂದೂ ವಿಶ್ವಸಂಸ್ಥೆಯ 2024ರ ವರದಿ ಹೇಳುತ್ತದೆ. ಡ್ರೈವನ್ನು ಅಳಿಸಿ, ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕಿ, ಓದುವ ಮಗುವೊಂದಕ್ಕೆ ಆ ಯಂತ್ರವನ್ನು ಕೊಡುವುದು ನಿಸ್ಸಂಶಯವಾಗಿ ಒಳ್ಳೆಯ ಕೆಲಸ. ಆದರೆ ಈ ಕೆಲಸದ ಪ್ರತಿ ಹಂತದಲ್ಲೂ ಅಲ್ಲಿ ಹಾಜರಿಲ್ಲದವರ ಹಕ್ಕೊಂದು ಅಡಗಿದೆ. ಅದನ್ನು ಗುರುತಿಸುವುದೇ ಇಲ್ಲಿನ ವಿಚಾರ.

ಅಳಿಸುವ ಮುನ್ನ

ನಮ್ಮ ಲ್ಯಾಪ್‌ಟಾಪಿನಲ್ಲಿ ನಮ್ಮದು ಮಾತ್ರ ಇರುತ್ತದೆಯೇ? ತಮ್ಮನ ಅಂಕಪಟ್ಟಿ, ತಂಗಿಯ ಮದುವೆಯ ಫೋಟೋ, ವಿದ್ಯಾರ್ಥಿವೇತನದ ಅರ್ಜಿಗಾಗಿ ನೆರೆಮನೆಯ ಮಕ್ಕಳು ಕೊಟ್ಟ ಆಧಾರ್ ಪ್ರತಿ, ಮಸೀದಿಯ ಜಮಾಅತ್‌ನ ಲೆಕ್ಕಪತ್ರ, ಇವೆಲ್ಲ ಅದರೊಳಗೆ ಸೇರಿಕೊಂಡಿರುತ್ತವೆ. ಯಂತ್ರಕ್ಕೆ ಹಣ ಕೊಟ್ಟವರು ನಾವು. ಆದರೆ ಇವು ನಮ್ಮ ಕೈಯಲ್ಲಿರುವ ಅಮಾನತ್. ಅಮಾನತ್ತನ್ನು ಕೇಳದೆ ನಾಶ ಮಾಡುವ ಅಧಿಕಾರ ಇಟ್ಟುಕೊಂಡವನಿಗಿಲ್ಲ.

ಆದ್ದರಿಂದ ಮೊದಲು ಮನೆಯವರನ್ನೆಲ್ಲ ಕೇಳಬೇಕು. ಉಳಿಯಬೇಕಾದುದನ್ನು ಬೇರೆ ಡಿಸ್ಕಿಗೆ ನಕಲಿಸಬೇಕು. ನಕಲಾದ ಕಡತಗಳು ತೆರೆದುಕೊಳ್ಳುತ್ತವೆಯೇ ಎಂದು ಪರೀಕ್ಷಿಸಬೇಕು. ತೆರೆದು ನೋಡದ ನಕಲನ್ನು ನೆಚ್ಚಿ ಮೂಲವನ್ನು ಅಳಿಸುವುದು, ಎಣಿಸದೆ ರಶೀದಿಗೆ ಸಹಿ ಹಾಕಿದಂತೆ.

ಅಳಿಸುವಾಗ

ಹೆಚ್ಚಿನವರು ಎಡವುವುದು ಇಲ್ಲಿಯೇ. ಹಾರ್ಡ್ ಡಿಸ್ಕಿನಲ್ಲಿದ್ದ ಕಡತವೊಂದನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆವೆನ್ನಿ. ಆಗ ನಡೆಯುವುದು ಇಷ್ಟೇ: ಪುಸ್ತಕದ ಪರಿವಿಡಿಯಿಂದ ಒಂದು ಅಧ್ಯಾಯದ ಹೆಸರನ್ನು ಹೊಡೆದು ಹಾಕಿ, ಆ ಪುಟಗಳಲ್ಲಿ ಮುಂದೆ ಬೇರೇನನ್ನಾದರೂ ಬರೆಯಬಹುದು ಎಂದು ಗುರುತಿಡಲಾಗುತ್ತದೆ. ಪುಟಗಳ ಮೇಲಿನ ಬರಹ ಹಾಗೆಯೇ ಇರುತ್ತದೆ. 'ಕ್ವಿಕ್ ಫಾರ್ಮ್ಯಾಟ್' ಮಾಡಿದರೂ ಪರಿವಿಡಿ ಮಾತ್ರ ಹೊಸದಾಗುತ್ತದೆ. ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದರೆ ಹಳೆಯದೆಲ್ಲ ಹೋಗುತ್ತದೆಂಬುದೂ ತಪ್ಪು ತಿಳಿವಳಿಕೆ. 500 ಜಿಬಿಯ ಡಿಸ್ಕಿನಲ್ಲಿ ಹೊಸ ವ್ಯವಸ್ಥೆಗೆ 20-30 ಜಿಬಿ ಜಾಗ ಹೋದರೆ, ಮಿಕ್ಕ ಜಾಗದಲ್ಲಿ ಹಳೆಯ ಬರಹ ಮಲಗಿರುತ್ತದೆ. ಉಚಿತವಾಗಿ ಸಿಗುವ ತಂತ್ರಾಂಶದಿಂದಲೇ ಅದನ್ನು ಎಬ್ಬಿಸಬಹುದು.

ಇದು ಬರಿಯ ಊಹೆಯಲ್ಲ. ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ ಎಂಬಿಬ್ಬರು ಹಳೆಯ 158 ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. 129 ಡಿಸ್ಕುಗಳು ಕೆಲಸ ಮಾಡುತ್ತಿದ್ದವು. ಸರಿಯಾಗಿ ಒರೆಸಲ್ಪಟ್ಟಿದ್ದವು ಕೇವಲ 12. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ರೋಗಿಗಳ ವಿವರಗಳು, ಖಾಸಗಿ ಪತ್ರಗಳು ಸಿಕ್ಕಿದವು. ಫಾರ್ಮ್ಯಾಟ್ ಮಾಡಿದ್ದ ಡಿಸ್ಕುಗಳಿಂದಲೂ ಕಡತಗಳನ್ನು ಹೊರತೆಗೆಯಲು ಸಾಧ್ಯವಾಯಿತು. ಆ ರೋಗಿಗಳಾಗಲಿ, ಕಾರ್ಡಿನ ಒಡೆಯರಾಗಲಿ ಡಿಸ್ಕನ್ನು ಮಾರಿರಲಿಲ್ಲ. ಮಾರಾಟ ನಡೆದದ್ದೇ ಅವರಿಗೆ ತಿಳಿಯದು.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಹಾರ್ಡ್ ಡಿಸ್ಕಾದರೆ ಆದಿಯಿಂದ ಅಂತ್ಯದವರೆಗೆ ಒಮ್ಮೆ ಸೊನ್ನೆಗಳನ್ನು ಬರೆದರೆ ಸಾಮಾನ್ಯವಾಗಿ ಸಾಕು. ಅದಕ್ಕೆ ಕೆಲವು ಗಂಟೆ ಹಿಡಿಯಬಹುದು. ವಿಂಡೋಸ್ 10ರಲ್ಲಿ ಯಂತ್ರವನ್ನು 'ರೀಸೆಟ್' ಮಾಡುವಾಗ ಕಡತಗಳನ್ನು ತೆಗೆಯುವುದರ ಜೊತೆಗೆ ಡ್ರೈವನ್ನು ಸ್ವಚ್ಛಗೊಳಿಸುವ ಆಯ್ಕೆಯೂ ಇದೆ. ಎಸ್‌ಎಸ್‌ಡಿಯ ರಚನೆ ಬೇರೆ. ಅದು ಬರಹವನ್ನು ತನ್ನೊಳಗೆ ಸ್ಥಳಾಂತರಿಸುತ್ತಿರುವುದರಿಂದ, ಅದರಲ್ಲೇ ಅಡಕವಾಗಿರುವ 'ಸೆಕ್ಯೂರ್ ಇರೇಸ್' ಆದೇಶವನ್ನು ಬಳಸುವುದು ಒಳ್ಳೆಯದು.

ಕೊಂಡವನ ಹೊಣೆ

ಮಾರಿದವನು ಅಜಾಗರೂಕನಾಗಿದ್ದರೆ ಕೊಂಡವನು ಇಣುಕಿ ನೋಡಬಹುದೇ? "ನೋಡಿದರೆ ಯಾರಿಗೆ ತಿಳಿಯುತ್ತದೆ? ತಿಳಿಯದ ನಷ್ಟವೂ ನಷ್ಟವೇ?" ಎಂದು ಕೆಲವರು ಕೇಳುತ್ತಾರೆ. ಬೇರೊಬ್ಬರ ಪತ್ರವನ್ನು ಕದ್ದು ಓದಿ, ಮೊದಲಿನಂತೆಯೇ ಅಂಟಿಸಿಟ್ಟರೆ ಕಾಗದಕ್ಕೆ ಯಾವ ಹಾನಿಯೂ ಆಗುವುದಿಲ್ಲ. ಆದರೂ ಅದನ್ನು ತಪ್ಪೆನ್ನಲು ನಾವು ಹಿಂಜರಿಯುವುದಿಲ್ಲ. ಏಕೆಂದರೆ ತನ್ನ ಗುಟ್ಟನ್ನು ಯಾರಿಗೆ ತಿಳಿಸಬೇಕೆಂದು ತೀರ್ಮಾನಿಸುವ ಹಕ್ಕು ಬರೆದವನದು. ಆ ಹಕ್ಕನ್ನು ಕಸಿದುಕೊಂಡದ್ದೇ ನಷ್ಟ.

ಬಿದ್ದು ಸಿಕ್ಕಿದ ವಸ್ತುವಿನ ಕುರಿತು ಫಿಕ್ಹ್ ಗ್ರಂಥಗಳಲ್ಲಿ ವಿವರವಾದ ಚರ್ಚೆಯಿದೆ. ದಾರಿಯಲ್ಲಿ ಸಿಕ್ಕ ಚೀಲವನ್ನು ಎತ್ತಿಕೊಂಡವನು ಸಾರಿ ಹೇಳಿ ಒಡೆಯನನ್ನು ಹುಡುಕಬೇಕು. ಲ್ಯಾಪ್‌ಟಾಪಿನಲ್ಲಿ ಸಿಕ್ಕ ಕಡತವೂ ಬೇರೊಬ್ಬರ ಸೊತ್ತೇ. ಆದರೆ ಒಂದು ವ್ಯತ್ಯಾಸವಿದೆ. ಚೀಲದ ಒಡೆಯನಿಗೆ ಬೇಕಾದುದು ಚೀಲ ಮರಳಿ ಸಿಗುವುದು. ಕಡತದ ಒಡೆಯನಿಗೆ ಹೆಚ್ಚಾಗಿ ಬೇಕಾದುದು ಅದನ್ನು ಯಾರೂ ನೋಡದಿರುವುದು. ಹಾಗಾಗಿ ಕೊಂಡವನು ತೆರೆದು ನೋಡದೆ, ಸಾಧ್ಯವಾದರೆ ಮಾರಿದವನಿಗೆ ಒಂದು ಮಾತು ತಿಳಿಸಿ, ಪೂರ್ತಿಯಾಗಿ ಅಳಿಸುವುದೇ ಅಮಾನತ್ತನ್ನು ಒಪ್ಪಿಸುವ ರೀತಿ.

ಅಳಿಸಿದ ಬಳಿಕ

ಖಾಲಿಯಾದ ಡ್ರೈವಿಗೆ ಏನನ್ನು ತುಂಬುವುದು? ಇಲ್ಲೂ ಹಾಜರಿಲ್ಲದವರಿದ್ದಾರೆ, ತಂತ್ರಾಂಶವನ್ನು ರಚಿಸಿದವರು. ಅಲ್ಪ ಹಣಕ್ಕೆ ಕದ್ದ ಪ್ರತಿಯನ್ನು ಹಾಕಿಕೊಡುವವರಿಗೆ ಕೊರತೆಯಿಲ್ಲ. "ಕಂಪೆನಿಯೇನು ಬಡವಾಗುತ್ತದೆಯೇ?" ಎಂಬುದು ಸಾಮಾನ್ಯ ಸಮರ್ಥನೆ. ಆದರೆ ಒಡೆಯನು ಶ್ರೀಮಂತನೆಂಬ ಕಾರಣಕ್ಕೆ ಅವನ ಹಕ್ಕು ಇಲ್ಲವಾದರೆ, ನಾಳೆ ನಮಗಿಂತ ಬಡವನೊಬ್ಬನು ನಮ್ಮ ಅಂಗಡಿಗೆ ಕೈ ಹಾಕಿದಾಗ ನಾವು ಏನೆಂದು ಆಕ್ಷೇಪಿಸೋಣ?

ಪ್ರಾಮಾಣಿಕ ದಾರಿಗಳು ತೆರೆದೇ ಇವೆ. 2012ರಲ್ಲಿ ವಿಂಡೋಸ್ 8 ಬಂದ ಬಳಿಕ, ವಿಂಡೋಸ್ ಸಹಿತ ಮಾರಲಾದ ಲ್ಯಾಪ್‌ಟಾಪ್‌ಗಳಲ್ಲಿ ಅನುಮತಿಯ ಸಂಖ್ಯೆಯು ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಇರುತ್ತದೆ. ಡ್ರೈವ್ ಅಳಿಸಿದರೂ ಅದು ಅಳಿಯುವುದಿಲ್ಲ. ಅದೇ ಆವೃತ್ತಿಯನ್ನು ಮತ್ತೆ ಹಾಕಿಕೊಳ್ಳಲು ಹಣ ಕೊಡಬೇಕಾಗಿಲ್ಲ. ಬೆಂಬಲ ಮುಗಿದ ಯಂತ್ರಕ್ಕೆ ಲಿನಕ್ಸ್ ಇದೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ವ್ಯವಸ್ಥೆಯನ್ನು ನಕಲಿಸಲು, ಹಂಚಲು, ತಿದ್ದಲು ರಚನಾಕಾರರೇ ಅನುಮತಿ ಕೊಟ್ಟಿದ್ದಾರೆ. ಲಿನಕ್ಸ್ ಮಿಂಟ್ ಎಂಬ ರೂಪಕ್ಕೆ 4 ಜಿಬಿ ಸ್ಮರಣೆ, 20 ಜಿಬಿ ಜಾಗವಿದ್ದರೆ ನಡೆಯುತ್ತದೆ. ಇಳಿಸಿಕೊಂಡು ಒಂದು ಪೆನ್‌ಡ್ರೈವಿಗೆ ಹಾಕಿದರೆ ಅದರಿಂದಲೇ ಯಂತ್ರವನ್ನು ಸಜ್ಜುಗೊಳಿಸಬಹುದು. ಇಂಥ ದಾರಿ ಇರುವಾಗ ಬಡತನವು ಕಳವಿಗೆ ನೆಪವಾಗಲಾರದು. ಮಗುವಿಗೆ ಓದಲೆಂದು ಕೊಡುವ ಯಂತ್ರದ ಮೊದಲ ಪಾಠವೇ ಕದ್ದದ್ದಾಗಬಾರದಲ್ಲವೇ?

ಒಟ್ಟಿನಲ್ಲಿ, ಎದುರಿಗೆ ನಿಂತು ಕೇಳುವವರ ಹಕ್ಕನ್ನು ಕೊಡುವುದು ಕಷ್ಟವಲ್ಲ. ಅವರು ಬಿಡುವುದೂ ಇಲ್ಲ. ಕೇಳಲು ಬಾರದವರ, ತಮ್ಮದೇನೋ ನಮ್ಮಲ್ಲಿದೆಯೆಂದು ಅರಿಯದೆಯೂ ಇರುವವರ ಹಕ್ಕನ್ನು ಕಾಯುವಲ್ಲಿ ಮನುಷ್ಯನ ಪ್ರಾಮಾಣಿಕತೆಯ ಪರೀಕ್ಷೆಯಿದೆ. ಹಳೆಯ ಲ್ಯಾಪ್‌ಟಾಪನ್ನು ಇನ್ನೊಬ್ಬರ ಕೈಗೆ ಕೊಡುವ ಮುನ್ನ ಮನೆಮಂದಿಯೆಲ್ಲ ಒಮ್ಮೆ ಕುಳಿತು ವಿಚಾರಿಸೋಣ: ಇದರೊಳಗೆ ಯಾರ ಯಾರ ಸೊತ್ತು ಇದೆ? ಅವರಿಗೆ ಸಲ್ಲಬೇಕಾದುದು ಸಂದಿದೆಯೇ?