ಒಂದು ಗೆಲ್ಲಿನ ಅಮಾನತ್ತು

ವಿದೇಶದಲ್ಲಿ ನೆಲೆಸಲು ಹೊರಟವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಹಪ್ಪಳಗಳ ಜೊತೆ ಒಮ್ಮೊಮ್ಮೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆಯ ಗೆಲ್ಲೋ, ಕರಿಬೇವಿನ ಸಸಿಯೋ ಇರುತ್ತದೆ. ಅದರಲ್ಲಿ ದುರುದ್ದೇಶವೇನೂ ಇಲ್ಲ. ತವರಿನ ಅಂಗಳದ ಗಿಡ ಹೊಸ ನಾಡಿನಲ್ಲೂ ಚಿಗುರಲಿ ಎಂಬ ಆಸೆ, ಅಷ್ಟೇ. ಆದರೆ ವಿಮಾನ ಇಳಿದ ಮೇಲೆ ಗಿಡ, ಬೀಜ, ಮಣ್ಣು ಇದೆಯೇ ಎಂದು ಕಸ್ಟಮ್ಸ್‌ನವರು ಕೇಳಿದರೆ ನಮ್ಮಲ್ಲಿ ಅನೇಕರ ಉತ್ತರ ‘ಇಲ್ಲ’. ವ್ಯಾಪಾರದಲ್ಲಿ ಒಂದು ರೂಪಾಯಿಯ ಸುಳ್ಳಿಗೂ ಅಂಜುವವರು ಇದನ್ನು ಸುಳ್ಳೆಂದೇ ಎಣಿಸುವುದಿಲ್ಲ. ಒಂದು ಗೆಲ್ಲಿನಿಂದ ಯಾರಿಗೇನು ನಷ್ಟ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಈ ಸಮಾಧಾನ ಎಷ್ಟು ಗಟ್ಟಿ?

ಕರಿಬೇವನ್ನೇ ತೆಗೆದುಕೊಳ್ಳೋಣ. ಅದು ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ ಗಿಡ. ಸಿಟ್ರಸ್ ಸಿಲ್ಲಿಡ್ ಎಂಬ ಮೂರ್ನಾಲ್ಕು ಮಿಲಿಮೀಟರಿನ ಕೀಟ ಅದರ ಎಳೆ ಚಿಗುರಿನಲ್ಲಿ ಮೊಟ್ಟೆಯಿಡುತ್ತದೆ. ಕಿತ್ತಳೆ ಜಾತಿಯ ಮರಗಳಿಗೆ ‘ಗ್ರೀನಿಂಗ್’ ರೋಗವನ್ನು ಹರಡುವುದು ಇದೇ ಕೀಟ. ರೋಗ ತಗಲಿದ ಮರವನ್ನು ಗುಣಪಡಿಸುವ ಮದ್ದಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಕೀಟ 1998ರಲ್ಲಿ, ರೋಗ 2005ರಲ್ಲಿ ಪತ್ತೆಯಾಯಿತು. ನಂತರದ ಎರಡು ದಶಕಗಳಲ್ಲಿ ಅಲ್ಲಿನ ಕಿತ್ತಳೆ ಬೆಳೆ ಶೇ. 90ಕ್ಕಿಂತಲೂ ಹೆಚ್ಚು ಕುಸಿಯಿತು. ಚಂಡಮಾರುತಗಳೂ ಹೊಡೆತ ಕೊಟ್ಟವು ನಿಜ, ಆದರೆ ಬೆನ್ನು ಮುರಿದದ್ದು ಈ ರೋಗವೇ. ನಮ್ಮ ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದಕ್ಕೂ ಇದೇ ರೋಗ ಒಂದು ಕಾರಣ. ಅಮೆರಿಕಕ್ಕೆ ಪ್ರಯಾಣಿಕರು ಹಸಿ ಕರಿಬೇವು ಒಯ್ಯಬಾರದೆಂಬ ನಿಯಮದ ಹಿಂದೆ ಇರುವುದು ನಮ್ಮ ಅಡುಗೆಯ ಮೇಲಿನ ತಾತ್ಸಾರವಲ್ಲ, ಈ ಭಯ.

ಇಂತಹ ಹಾನಿಗೆ ಕಾರಣನಾದವನಿಗೆ ಅದು ಎಂದೂ ತಿಳಿಯುವುದೇ ಇಲ್ಲ. ಅವನ ಗಿಡ ಹೂ ಬಿಡುತ್ತದೆ, ಅವನು ಸಂತೋಷಪಡುತ್ತಾನೆ. ನೂರು ಮೈಲಿ ಆಚೆ, ಮುಖ ನೋಡದ ರೈತನೊಬ್ಬ ತೋಟ ಕಡಿಯುತ್ತಾನೆ. ಕಣ್ಣೆದುರಿನ ನೆರೆಯವನ ಹಕ್ಕನ್ನು ಕಾಪಾಡಲು ಒಳ್ಳೆಯ ಮನಸ್ಸು ಸಾಕು. ಕಾಣದ ನೆರೆಯವನ ಹಕ್ಕನ್ನು ಕಾಪಾಡಲು ಒಳ್ಳೆಯ ಮನಸ್ಸು ಸಾಲದು, ನಿಯಮವೂ ಬೇಕು.

‘ನಮ್ಮ ಗಿಡ ಆರೋಗ್ಯವಾಗಿದೆ’ ಎಂಬ ವಾದವೂ ಇದೆ. ಪ್ಲೇಗ್ ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ಪ್ಲೇಗ್ ಬಂದರೆ ಅಲ್ಲಿಂದ ಓಡಬೇಡಿ ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ಈ ನಿಯಮ ರೋಗಿಗೆ ಮಾತ್ರವಲ್ಲ, ಆರೋಗ್ಯವಂತನಂತೆ ಕಾಣುವವನಿಗೂ ಅನ್ವಯಿಸುತ್ತದೆ. ಸಿರಿಯಾದ ಹಾದಿಯಲ್ಲಿದ್ದ ಖಲೀಫಾ ಉಮರ್(ರ) ಸರ್‌ಗ್ ಎಂಬಲ್ಲಿ ಪ್ಲೇಗಿನ ಸುದ್ದಿ ಕೇಳಿ ಹಿಂದಿರುಗಿದರು. ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂಬ ಆಕ್ಷೇಪಕ್ಕೆ, ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಕ್ವಾರಂಟೈನ್ ಯಾರನ್ನೂ ಅಪರಾಧಿ ಎನ್ನುವುದಿಲ್ಲ. ನಮ್ಮ ಕಣ್ಣಿಗೆ ಮಿತಿಯಿದೆ ಎಂದಷ್ಟೇ ಹೇಳುತ್ತದೆ. ಗೆಲ್ಲಿನೊಳಗಿನ ವೈರಸ್, ಬೇರಿನ ಮಣ್ಣಿನಲ್ಲಿರುವ ಜಂತುಹುಳ ನಮ್ಮ ಕಣ್ಣಿಗೆ ಕಾಣುವಂಥದ್ದಲ್ಲ.

ಆಗ ಒಂದು ಪ್ರಶ್ನೆ ಎದುರಾಗುತ್ತದೆ. ಹಾಗಾದರೆ ಬಾಬಾ ಬುಡನ್ ಮಾಡಿದ್ದೇನು? 17ನೇ ಶತಮಾನದಲ್ಲಿ ಹಜ್ಜ್ ಮುಗಿಸಿ ಮರಳುವಾಗ ಅವರು ಯಮನ್‌ನ ಮೋಖಾದಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. ಆ ಏಳು ಬೀಜಗಳನ್ನು ಕೊಂಡಾಡುವ ನಾವು ಇಂದಿನ ಗೆಲ್ಲನ್ನು ದೂರುವುದು ನ್ಯಾಯವೇ?

ಎಲ್ಲ ನಿಷೇಧಗಳೂ ಒಂದೇ ಅಲ್ಲ. ಮೊಳೆಯಬಲ್ಲ ಬೀಜ ಹೊರಹೋಗದಂತೆ ಅಂದು ಕಾಯುತ್ತಿದ್ದುದು ವ್ಯಾಪಾರದ ಏಕಸ್ವಾಮ್ಯವನ್ನು. ಅಲ್ಲಾಹನು ಎಲ್ಲರಿಗಾಗಿ ಬೆಳೆಸಿದ್ದನ್ನು ಕೆಲವರ ಲಾಭಕ್ಕಾಗಿ ಬೀಗ ಹಾಕಿಟ್ಟ ನಿಯಮವದು. ಇಂದಿನ ಸಸ್ಯ ಕ್ವಾರಂಟೈನ್ ಕಾಯುವುದು ರೈತನ ಹೊಲವನ್ನು. ಕಾಫಿಯ ಕತೆಯೇ ಇದಕ್ಕೂ ಸಾಕ್ಷಿ ನುಡಿಯುತ್ತದೆ. 1869ರಲ್ಲಿ ಸಿಲೋನಿನ ಕಾಫಿ ತೋಟಗಳಲ್ಲಿ ಎಲೆ ತುಕ್ಕು ರೋಗ ಕಾಣಿಸಿತು. ಕೆಲವೇ ದಶಕಗಳಲ್ಲಿ ಅಲ್ಲಿನ ಕಾಫಿ ಬೇಸಾಯ ನೆಲಕಚ್ಚಿ ಚಹಾ ಆ ಜಾಗ ಹಿಡಿಯಿತು. ಬಾಬಾ ಬುಡನರ ಬೆಟ್ಟಗಳನ್ನೂ ಆ ರೋಗ ಬಿಡಲಿಲ್ಲ. ಆದ್ದರಿಂದ ಅವರ ಹೆಸರನ್ನು ನಮ್ಮ ಸುಳ್ಳಿಗೆ ಸಾಕ್ಷಿಯಾಗಿ ಕರೆಯುವುದು ಸರಿಯಲ್ಲ. ಅವರು ತಂದ ಬೀಜದಿಂದ ಒಂದು ನಾಡು ಉಣ್ಣುತ್ತಿದೆ, ನಾವು ಒಯ್ಯುವ ಗೆಲ್ಲು ನಮ್ಮ ಬಾಲ್ಕನಿಗೆ ಮಾತ್ರ.

ನಿಯಮ ಬಡವನಿಗೆ ಭಾರವೆಂಬ ದೂರನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಸಸ್ಯ ಆರೋಗ್ಯ ಪ್ರಮಾಣಪತ್ರಕ್ಕಾಗಿ ಕಚೇರಿಗೆ ಅಲೆಯಬೇಕು, ಗಿಡದ ತಪಾಸಣೆಯಾಗಬೇಕು, ಬೇರಿನ ಮಣ್ಣನ್ನೆಲ್ಲ ತೊಳೆಯಬೇಕು. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಅಮೆರಿಕ ಕೂಡ ವಿಶೇಷ ನಿರ್ಬಂಧವಿಲ್ಲದ ಗಿಡಗಳನ್ನು 12ರ ಮಿತಿಯೊಳಗೆ, ಮಣ್ಣಿಲ್ಲದೆ, ಪ್ರಮಾಣಪತ್ರದೊಂದಿಗೆ ತರಲು ಬಿಡುತ್ತದೆ. ಇನ್ನೂ ಗಮನಿಸಬೇಕಾದ ಮಾತೊಂದಿದೆ. ಇಂಥ ಹಲವು ದೇಶಗಳಲ್ಲಿ, ಇದೆ ಎಂದು ಬಾಯಿಬಿಟ್ಟು ಹೇಳಿದವನ ಗಿಡ ಹೋದೀತೇ ಹೊರತು ಅವನಿಗೆ ದಂಡವಿಲ್ಲ. ದಂಡ ಬೀಳುವುದು ಬಚ್ಚಿಟ್ಟವನಿಗೆ. ಅಂದರೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ಗಿಡ ಮಾತ್ರವಲ್ಲ, ನಾಲಿಗೆಯೂ ಹೌದು. ವೀಸಾ ಪಡೆದು ಒಂದು ನಾಡಿಗೆ ಕಾಲಿಡುವುದೆಂದರೆ ಅಲ್ಲಿನವರೊಂದಿಗೆ ಕರಾರು ಮಾಡಿಕೊಂಡಂತೆ. ಕರಾರನ್ನು ಪಾಲಿಸುವುದು ಸತ್ಯವಿಶ್ವಾಸಿಯ ಗುಣವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಕಸ್ಟಮ್ಸ್ ಸಾಲಿನಲ್ಲಿ ನಮ್ಮ ಪಕ್ಕದಲ್ಲೇ ನಿಂತ ಮಗು ನಮ್ಮ ಉತ್ತರವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ.

ಗಿಡ ನೆಡುವುದಕ್ಕೆ ಇಸ್ಲಾಮ್ ಕೊಟ್ಟ ಗೌರವ ಸಣ್ಣದಲ್ಲ. ಕೈಯಲ್ಲಿ ಸಸಿಯಿರುವಾಗ ಲೋಕಾಂತ್ಯವೇ ಬಂದೆರಗಿದರೂ ಸಾಧ್ಯವಾದರೆ ಅದನ್ನು ನೆಡಬೇಕೆಂದು ಪ್ರವಾದಿ(ಸ) ಬೋಧಿಸಿದರು. ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ತಿಂದದ್ದೆಲ್ಲ ನೆಟ್ಟವನ ಪಾಲಿಗೆ ದಾನವೆಂದೂ ತಿಳಿಸಿದರು. ಹಾಗೆಂದ ಮೇಲೆ ಗಿಡದ ಬೆಲೆಯನ್ನು ನೆಟ್ಟವನ ನೆನಪಿನಿಂದಷ್ಟೇ ಅಳೆಯಲಾಗದು, ಅದರಿಂದ ಸುತ್ತಲಿನವರಿಗೆ ಏನಾಯಿತೆಂಬುದರಿಂದಲೂ ಅಳೆಯಬೇಕು. ಹೊಸ ನಾಡಿನ ನರ್ಸರಿಯಲ್ಲಿ ಕೊಂಡ ಮಲ್ಲಿಗೆಗೆ ಅಮ್ಮನ ಅಂಗಳದ ನೆನಪಿರಲಿಕ್ಕಿಲ್ಲ. ಆದರೆ ಅದನ್ನು ನೆಡುವ ಕೈ ಯಾರ ಹೊಲಕ್ಕೂ ದ್ರೋಹ ಬಗೆದಿರುವುದಿಲ್ಲ.