ಸಂತೆಯಲ್ಲಿ ಬಿಟ್ಟ ಮರಿಗಳು

ಜ್ಞಾನೋಕ್ತಿಗಳ 12ನೆಯ ಅಧ್ಯಾಯದ 10ನೆಯ ವಚನದಲ್ಲಿ ಸೊಲೊಮೋನನು ಮನುಷ್ಯನ ನೀತಿಯನ್ನು ಅಳೆಯುವದಕ್ಕೆ ನಮ್ಮನ್ನು ಅವನ ಕೊಟ್ಟಿಗೆಗೆ ಕರೆದುಕೊಂಡು ಹೋಗುತ್ತಾನೆ. ಎತ್ತಿನ ವಿಷಯದಲ್ಲಿ ಈ ಪರೀಕ್ಷೆಯು ಸುಲಭವೇ. ಎತ್ತು ಬಿದ್ದರೆ ಉಳುಮೆ ನಿಲ್ಲುವದಷ್ಟೆ. ಆದರೆ ಅಂಗಳದಲ್ಲಿ ಮಲಗಿರುವ ನಾಯಿಯ ವಿಷಯದಲ್ಲಿ ನಾವು ಏನು ಉತ್ತರ ಕೊಡುವೆವು?

ಹೆಣ್ಣುನಾಯಿಯು ಗಬ್ಬವಾದ ಎರಡು ತಿಂಗಳಿಗೆ ಮರಿ ಹಾಕುತ್ತದೆ. ಗಂಡುಮರಿಯೊಂದನ್ನು ಇಟ್ಟುಕೊಂಡು ಹೆಣ್ಣುಮರಿಗಳನ್ನು ಗೋಣಿಯಲ್ಲಿ ಕಟ್ಟಿ ಸಂತೆಯ ಬಯಲಿನಲ್ಲಿ ಬಿಟ್ಟುಬರುವ ರೂಢಿ ನಮ್ಮ ಹಳ್ಳಿಗಳಲ್ಲಿ ಉಂಟು. ಆ ಗೋಣಿಯನ್ನು ಹೊತ್ತವನು ಹಗಲಲ್ಲಿ ಕಾಣಿಸುವದಿಲ್ಲ. ತಾನು ಕೊಲ್ಲಲಿಲ್ಲವೆಂದು ಅವನು ಸಮಾಧಾನಪಟ್ಟುಕೊಳ್ಳುತ್ತಾನೆ. ಹೆಚ್ಚಿನವು ಹಸಿವಿನಿಂದ ಸಾಯುತ್ತವೆ. ಬದುಕಿದ ಒಂದು, ವರುಷ ತುಂಬುವಷ್ಟರಲ್ಲಿ ತಾನೇ ತಾಯಾಗಬಹುದು. ಮುಂದೆ ಬೀದಿಯಲ್ಲಿ ಮಗುವನ್ನು ಕಚ್ಚಿದ ನಾಯಿ ಯಾರದೆಂದು ಕೇಳಿದರೆ ಎಲ್ಲರೂ ಸುಮ್ಮನಿರುತ್ತಾರೆ.

ವಿಷವಿಟ್ಟರೆ ತೀರಿತೆಂದು ಹೇಳುವವರಿದ್ದಾರೆ. ಮದರಾಸು ನಗರದಲ್ಲಿ ಬಹುಕಾಲ ಬೀದಿನಾಯಿಗಳನ್ನು ಹಿಡಿದು ಕೊಂದರು. ಆದರೂ ಅವು ಮುಗಿಯಲಿಲ್ಲ. ಯಾಕಂದರೆ ಎಂಜಲು ಉಳಿದ ಬೀದಿಗೆ ಬೇರೆ ನಾಯಿಗಳು ಬಂದೇ ಬರುತ್ತವೆ. ಬ್ಲೂ ಕ್ರಾಸ್ ಸಂಘದವರು 1964ರಿಂದ ಹೇಳುತ್ತ ಬಂದ ಸಂತಾನಹರಣದ ಕ್ರಮವನ್ನು ಅಲ್ಲಿಯ ನಗರಾಡಳಿತವು 1996ರಲ್ಲಿ ಕೈಕೊಂಡಿತು. ನೆರೆಯ ಗೋವೆಯಲ್ಲಿ ಸ್ವಯಂಸೇವಕರು ಬಲೆ ಹಿಡಿದು ಊರೂರು ತಿರುಗಿ ನಾಯಿಗಳಿಗೆ ಚುಚ್ಚುಮದ್ದು ಹಾಕಿಸಿದರು. 2021ರಲ್ಲಿ ಆ ರಾಜ್ಯವು ಹುಚ್ಚುನಾಯಿ ರೋಗವು ಹತೋಟಿಗೆ ಬಂದ ಪ್ರದೇಶವೆಂದು ಸಾರಲ್ಪಟ್ಟಿತು.

ಹೀಗೆ ಸೇವೆಮಾಡುವ ಯೌವನಸ್ಥರು ನಸುಕಿನಲ್ಲೆದ್ದು ನಾಯಿಗಳನ್ನು ಹಿಡಿದು ಪಶುವೈದ್ಯರ ಬಳಿಗೆ ಒಯ್ಯುತ್ತಾರೆ. 2023ರ ಸರಕಾರಿ ನಿಯಮದ ಪ್ರಕಾರ ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ನಾಲ್ಕು ದಿನವಾದರೂ ಇಟ್ಟುಕೊಂಡು ನೋಡಿಕೊಳ್ಳತಕ್ಕದ್ದು. ಗುರುತಿಗಾಗಿ ಕಿವಿಯ ತುದಿಯನ್ನು ಕತ್ತರಿಸುವರು. ಕಚ್ಚಿಸಿಕೊಳ್ಳುವ ಭಯ, ನೆರೆಯವರ ಹಾಸ್ಯ, ಇವೇ ಅವರಿಗೆ ಸಿಕ್ಕುವ ಕೂಲಿ. ಅವರು ಬೀದಿಯ ನಾಯಿಗಳನ್ನು ಹಿಡಿಯುತ್ತಿರುವಾಗ ನಾವು ಮನೆಯ ನಾಯಿಯನ್ನು ಹಿತ್ತಲಲ್ಲಿ ಅಡಗಿಸಿದರೆ ಅವರ ಶ್ರಮವು ತೂತುಗಡಿಗೆಗೆ ನೀರು ತುಂಬಿದಂತಾಗುವದು.

ದೇವರು ಕೊಟ್ಟ ಸಂತಾನವನ್ನು ತಡೆಯುವದು ಪಾಪವಲ್ಲವೇ ಎಂದು ಕೆಲವರು ಯಥಾರ್ಥವಾಗಿಯೇ ಕೇಳುತ್ತಾರೆ. ಪ್ರಾಣಿಗಳ ಮೇಲಣ ಅಧಿಕಾರವನ್ನು ಆತನೇ ಮನುಷ್ಯನಿಗೆ ಒಪ್ಪಿಸಿದನು. ನಾಯಿಯನ್ನು ಒಲೆಯ ಬಳಿಗೆ ತಂದು ಸಾಕಿದವರು ನಾವು. ಆದಕಾರಣ ಅದರ ಮರಿಗಳ ಲೆಕ್ಕವೂ ನಮ್ಮದೇ. ನಿನೆವೆಯನ್ನು ಕನಿಕರಿಸಿದಾಗ ದೇವರು ಅಲ್ಲಿಯ ಪಶುಗಳನ್ನೂ ಮರೆಯಲಿಲ್ಲವೆಂದು ಯೋನನ ಗ್ರಂಥದ ಕೊನೆಯಲ್ಲಿ ಓದುತ್ತೇವೆ. ಕಾವಲಿನ ಧೈರ್ಯ ಹೋಗುವದೆಂಬ ಮಾತಂತೂ ಬರೀ ಹರಟೆ.

ಆದುದರಿಂದ ವೈದ್ಯರು ನಿಮ್ಮ ಊರಿಗೆ ಬರುವ ದಿನವನ್ನು ಪಂಚಾಯಿತಿಯಲ್ಲಿ ಕೇಳಿ ತಿಳುಕೊಳ್ಳಿರಿ. ಹಿಂದಿನ ರಾತ್ರಿ ನಾಯಿಗೆ ಅನ್ನ ಹಾಕಬೇಡಿರಿ. ಹಗ್ಗವನ್ನು ಮನೆಯವರೇ ಹಿಡಿದು ಕರೆತರಲಿ. ಪರರ ಕೈಗೆ ಅದು ಬೆದರುವದು.