ಲಗಾಮು ಹಿಡಿದ ಕೈ

ಮನೋಳಿಯ ಕೋಟೆಯನ್ನೂ 1824ರ ಕಿತ್ತೂರಿನ ಸಮರವನ್ನೂ ನೆನೆವಾಗ ರಾವುತರ ಬಲಗೈಯ ಖಡ್ಗವನ್ನು ಕೊಂಡಾಡುವವರು ಬಹಳ. ಲಗಾಮು ಹಿಡಿದ ಎಡಗೈಯನ್ನು ನೆನೆಯುವವರು ವಿರಳ.

ಕಬ್ಬಿಣದ ಕಡಿವಾಣವು ಕುದುರೆಯ ಮುಂಹಲ್ಲಿಗೂ ದವಡೆಹಲ್ಲಿಗೂ ನಡುವಣ ಬರಿಯ ಒಸಡಿನ ಮೇಲೂ ನಾಲಗೆಯ ಮೇಲೂ ಕೂಡುವುದು. ಬಿಗಿದರೆ ನೋವು. ಆದುದರಿಂದ ಬಲ್ಲ ಸವಾರನು ಬೆರಳಿನಿಂದ ಸೂಚಿಸಿ, ಕುದುರೆ ತಿಳಿದೊಡನೆ ಸಡಿಲಿಸುವನು. ಆ ಸಡಿಲಿಕೆಯೇ ಅದಕ್ಕೆ ಪಾಠ. ಸದಾ ಜಗ್ಗುವವನ ಕುದುರೆಯ ಬಾಯಿ ಜಡವಾಗುವುದು. ಆಗ ಅವನು ಇನ್ನಷ್ಟು ಜಗ್ಗುವನು.

ಜಗ್ಗುವುದೇಕೆ? ಎಷ್ಟೋ ವೇಳೆ ಕ್ರೌರ್ಯದಿಂದಲ್ಲ. ಅವನ ಆಸನವೇ ಸ್ಥಿರವಿಲ್ಲ. ಬೀಳುವ ಭಯದಿಂದ ಲಗಾಮಿಗೆ ಜೋತುಬಿದ್ದು ತನ್ನ ಭಾರವನ್ನು ಮೂಕಪ್ರಾಣಿಯ ಬಾಯಿಗೆ ಹೊರಿಸುವನು. ಕಠೋಪನಿಷತ್ತು ಇಂದ್ರಿಯಗಳನ್ನು ಕುದುರೆಗೂ ಮನಸ್ಸನ್ನು ಲಗಾಮಿಗೂ ಬುದ್ಧಿಯನ್ನು ಸಾರಥಿಗೂ ಹೋಲಿಸಿದೆ. ಸಾರಥಿಯೇ ಅಲುಗಿದರೆ ಲಗಾಮೇನು ಮಾಡೀತು?

ಹಾಗೆಂದು ಲಗಾಮನ್ನೇ ಕೈಬಿಡುವುದು ದಯೆಯಲ್ಲ. ಅದು ಇಬ್ಬರನ್ನೂ ಹಳ್ಳಕ್ಕೆ ಕೆಡಹುವ ಅಲಕ್ಷ್ಯ.

ಮಕ್ಕಳ, ಆಳುಗಳ, ಶಿಷ್ಯರ ಲಗಾಮು ನಮ್ಮ ಕೈಯಲ್ಲಿದೆ. ಪೀಠದಲ್ಲಿ ಕುಳಿತವರೂ ಇದಕ್ಕೆ ಹೊರತಲ್ಲ. ಗದರುವ ಮುನ್ನ ಕೇಳಿಕೊಳ್ಳೋಣ: ಅವರು ದಾರಿ ತಪ್ಪಿದರೇ, ನಾವು ಆಸನ ತಪ್ಪಿದೆವೇ? ಪೂಜೆಯಲ್ಲಿ ಇಷ್ಟಲಿಂಗವನ್ನು ಧರಿಸುವುದೂ ಅದೇ ಎಡಗೈ. ಅದು ಇನ್ನೊಂದು ಜೀವಕ್ಕೆ ನೋವಾಗದಿರಲಿ.